25 ತುಂಬುವವರೆಗೆ ಓದಬೇಡ: ಕೊರ್ಡೋಬಾದಿಂದ ಲುನೆಲ್‌ವರೆಗೆ ಏಳು ದಿನ

ಮೊದಲ ದಿನ: ಕೊರ್ಡೋಬಾ

ಸೋಮವಾರ ಅಲ್ಲಿ ಬಾಗಿಲು ಹಾಕಿರುತ್ತದೆ ಅಂತ ಮಗಳು ಟಿಕೆಟ್ ಮಾಡುವಾಗಲೇ ಹೇಳಿದ್ದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಮ್ಯಾಡ್ರಿಡ್‌ನಿಂದ ವೇಗದ ರೈಲಿನಲ್ಲಿ ಒಂದೂಮುಕ್ಕಾಲು ಗಂಟೆ. ಸ್ಟೇಷನ್ನಿನಿಂದ ಸುಡುಬಿಸಿಲಲ್ಲಿ ನಡಿಗೆ. ಯಹೂದಿಗಳ ಹಳೇ ಕೇರಿಯ ಸುಣ್ಣ ಬಳಿದ ಗಲ್ಲಿಗಳಲ್ಲಿ ಎರಡು ಸಲ ದಾರಿ ತಪ್ಪಿ, ಕೊನೆಗೆ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ಮುಂದೆ ಬಂದು ನಿಂತರೆ ಬೀಗ. ಮಗಳು ಒಂದು ಮಾತೂ ಆಡಲಿಲ್ಲ. ಆಡಿದ್ದರೇ ಚೆನ್ನಾಗಿತ್ತು.

ಅವಳು ಬಾರ್ಸಿಲೋನಾದಲ್ಲಿ ಓದುತ್ತಿದ್ದಾಳೆ. ವಯಸ್ಸು 24. ಈ 24 ಅನ್ನೋದು ಮುಂದೆ ಕತೆಯಲ್ಲಿ ಬರುತ್ತದೆ, ನೆನಪಿರಲಿ.

ಬ್ಯಾಂಕಿನಿಂದ ನಿವೃತ್ತನಾದ ಮೇಲೆ ನನಗೆ ಹಿಡಿದ ಈ ಹುಚ್ಚಿನ ಮೂಲ ಮಂಗಳೂರೇ. 12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ನಮ್ಮೂರಲ್ಲಿ ವರ್ಷಗಟ್ಟಲೆ ಇದ್ದ. ಹಿತ್ತಾಳೆ ಪಾತ್ರೆ ಮಾಡಿಸುತ್ತಿದ್ದ, ಅಡಿಕೆ, ಕಾಳುಮೆಣಸು ಹಡಗು ಹತ್ತಿಸುತ್ತಿದ್ದ. 1132ರಲ್ಲಿ ಅಶು ಎಂಬ ದಾಸಿಯನ್ನು ಬಿಡುಗಡೆ ಮಾಡಿ ಮಂಗಳೂರಲ್ಲೇ ಪತ್ರ ಬರೆದ. ಅವನ ಕಾಗದಗಳು ಸಿಕ್ಕಿದ್ದು ಈಜಿಪ್ಟಿನ ಫುಸ್ತಾತ್‌ನಲ್ಲಿ, ಬೆನ್ ಎಜ್ರಾ ಸಿನಗಾಗ್‌ನ ಒಂದು ಕೋಣೆಯಲ್ಲಿ. ದೇವರ ಹೆಸರಿರುವ ಕಾಗದವನ್ನು ಎಸೆಯಬಾರದು ಅಂತ ಹಳೇ ಕಾಗದವನ್ನೆಲ್ಲ ತುರುಕಿಡುತ್ತಿದ್ದ ಕೋಣೆ ಅದು. ಅದೇ ರಾಶಿಯಲ್ಲಿ ಮೈಮೋನಿಡಿಸ್ ಎಂಬ ಯಹೂದಿ ಪಂಡಿತನ ಕೈಬರಹವೂ ಸಿಕ್ಕಿತು. ನಮ್ಮೂರಿನ ಅಡಿಕೆ ಲೆಕ್ಕದ ಪಕ್ಕದಲ್ಲಿ ಕೂತಿದ್ದ ಈತ ಯಾರು ಅಂತ ಹುಡುಕಲು ಹೊರಟವನು ಇಲ್ಲಿಗೆ ಬಂದು ಮುಟ್ಟಿದ್ದೇನೆ.

ಮೋಸೆಸ್ ಮೈಮೋನಿಡಿಸ್ ಹುಟ್ಟಿದ್ದು ಇದೇ ಕೊರ್ಡೋಬಾದಲ್ಲಿ, 1138ರಲ್ಲಿ. ಹತ್ತು ವರ್ಷದ ಹುಡುಗನಾಗಿದ್ದಾಗ ಉತ್ತರ ಆಫ್ರಿಕಾದ ಮುಸ್ಲಿಂ ಅರಸರಾದ ಅಲ್ಮೊಹದ್‌ರ ಸೇನೆ ಊರು ಹಿಡಿಯಿತು. ಯಹೂದಿಗಳಿಗೆ ಮತಾಂತರ ಇಲ್ಲವೇ ವಲಸೆ ಅಂತಾಯಿತು. ಕುಟುಂಬ ಊರೂರು ಅಲೆದು ಮೊರಾಕ್ಕೋದ ಫೆಜ್‌ಗೆ ಹೋಗಿ, ಕೊನೆಗೆ ಫುಸ್ತಾತ್ ಸೇರಿತು. ಮನೆಯ ಖರ್ಚು ನೋಡಿಕೊಳ್ಳುತ್ತಿದ್ದವನು ತಮ್ಮ ಡೇವಿಡ್, ರತ್ನದ ವ್ಯಾಪಾರಿ. ಅವನು ಇಂಡಿಯಾಕ್ಕೆ ಹೊರಟ ಹಡಗು ನಮ್ಮ ಸಮುದ್ರದಲ್ಲೇ ಮುಳುಗಿತು. ಅಣ್ಣ ಒಂದು ವರ್ಷ ಹಾಸಿಗೆ ಹಿಡಿದ. ಆಮೇಲೆ ಹೊಟ್ಟೆಪಾಡಿಗೆ ವೈದ್ಯನಾದ, ಕೊನೆಗೆ ದೊರೆಯ ಅರಮನೆಗೂ ವೈದ್ಯನಾದ.

ಸಿನಗಾಗ್‌ನ ಹತ್ತಿರದ ಪುಟ್ಟ ಚೌಕದಲ್ಲಿ ಅವನ ಕಂಚಿನ ವಿಗ್ರಹ ಇದೆ. ತಲೆಗೆ ಪೇಟ, ತೊಡೆ ಮೇಲೆ ಪುಸ್ತಕ. ಇಡೀ ವಿಗ್ರಹ ಕಪ್ಪಾಗಿದೆ, ಕಾಲಿನ ಚಡಾವು ಮಾತ್ರ ಬಂಗಾರದ ಹಾಗೆ ಹೊಳೆಯುತ್ತದೆ. ಮುಟ್ಟಿದರೆ ಬುದ್ಧಿ ಬರುತ್ತದಂತೆ. ವಿಗ್ರಹ, ತಾಯಿತ, ಜ್ಯೋತಿಷ್ಯ ಎಲ್ಲವನ್ನೂ ಜೀವನಪೂರ್ತಿ ಬೈದ ಮನುಷ್ಯನ ಪಾದಕ್ಕೆ ಜನ ಸಾಲು ನಿಂತು ಕೈ ಒರೆಸುತ್ತಿದ್ದರು. ನಾನೂ ಒರೆಸಿದೆ. ಬಂದದ್ದೇ ಬಂದಿದ್ದೇನಲ್ಲ.

ರಾತ್ರಿ ಊಟಕ್ಕೆ ಬದನೆಕಾಯಿ ಬಜ್ಜಿ ಸಿಕ್ಕಿತು, ಮೇಲೆ ಕಬ್ಬಿನ ಜೋನಿಬೆಲ್ಲ ಸುರಿದದ್ದು. ಎರಡು ಪ್ಲೇಟ್ ಖಾಲಿ.

ಎರಡನೇ ದಿನ: ಬೀಗ ತೆಗೆದ ಮೇಲೆ

ಬೆಳಗ್ಗೆ ಬಾಗಿಲು ತೆಗೆಯುವ ಮೊದಲೇ ನಾವು ಹಾಜರ್. ಒಳಗೆ ಹೋದರೆ, ಇಷ್ಟೇನಾ ಅನ್ನಿಸಿತು. ಸುಮಾರು ಏಳು ಮೀಟರ್ ಉದ್ದದ ಒಂದು ಕೋಣೆ, ಅಷ್ಟೇ. ಆಮೇಲೆ ಕಣ್ಣು ಮೇಲೆ ಹೋಯಿತು. ಗೋಡೆ ತುಂಬ ಗಚ್ಚಿನ ಕೆತ್ತನೆ, ನಕ್ಷತ್ರ, ಬಳ್ಳಿ, ಅಂಚಿನುದ್ದಕ್ಕೂ ಹೀಬ್ರೂ ಅಕ್ಷರ. ಹೆಂಗಸರು ಕೂರಲು ಮೇಲೊಂದು ಉಪ್ಪರಿಗೆ. ಕಟ್ಟಿದ್ದು 1315ರಲ್ಲಿ. ಅಂದರೆ ಮೈಮೋನಿಡಿಸ್ ಇದನ್ನು ನೋಡಿಯೇ ಇಲ್ಲ, ಅವನು ಹುಟ್ಟಿ 177 ವರ್ಷ ಆಗಿತ್ತು. 1492ರಲ್ಲಿ ಯಹೂದಿಗಳನ್ನು ದೇಶದಿಂದ ಓಡಿಸಿದ ಮೇಲೆ ಇದು ಹುಚ್ಚುನಾಯಿ ಕಡಿದವರ ಆಸ್ಪತ್ರೆಯಾಯಿತು, ಆಮೇಲೆ ಚಪ್ಪಲಿ ಹೊಲಿಯುವವರ ಸಂಘದ ಪ್ರಾರ್ಥನಾ ಮಂದಿರವಾಯಿತು. ಗಾರೆಯ ಅಡಿಯಲ್ಲಿ ಅಕ್ಷರಗಳು ಸುಮ್ನೆ ಕಾದು ಕೂತಿದ್ದವು.

ಮಗಳು ಅಲ್ಲೇ ಬೆಂಚಿನ ಮೇಲೆ ಕೂತು ಕೇಳಿದಳು. “ಅಪ್ಪ, ಇಷ್ಟು ಜಗಳ ಆಗುವಂಥದ್ದು ಅವನು ಏನು ಬರೆದ?”

ಎರಡು ಪುಸ್ತಕ. ಮೊದಲು ತಾಲ್ಮುದ್ ಏನು ಅಂತ ತಿಳಿಯಬೇಕು. ಯಹೂದಿ ಧರ್ಮಶಾಸ್ತ್ರದ ಚರ್ಚೆಗಳ ಸಂಗ್ರಹ, ಈಗಿನ ಅಚ್ಚಿನಲ್ಲಿ 2,711 ಹಾಳೆಗಳ ಸಮುದ್ರ ಅದು. ಒಬ್ಬ ರಬ್ಬಿ (ಯಹೂದಿ ಧರ್ಮಗುರು) ಹೀಗೆ ಅಂದ, ಇನ್ನೊಬ್ಬ ಅಲ್ಲ ಅಂದ, ಮಧ್ಯದಲ್ಲಿ ಒಂದು ಕತೆ ಬಂತು, ಮತ್ತೆ ವಾದ. ಎಷ್ಟೋ ಕಡೆ ಕೊನೆಯಲ್ಲಿ ‘ತೇಕು’ ಅಂತ ಬರುತ್ತದೆ. ತೀರ್ಮಾನ ಆಗಲಿಲ್ಲ, ಹಾಗೇ ಇರಲಿ ಅಂತ ಅರ್ಥ. ಮೈಮೋನಿಡಿಸ್ ಈ ಸಮುದ್ರವನ್ನು ಸೋಸಿ 14 ಭಾಗಗಳ ‘ಮಿಶ್ನೆ ತೋರಾ’ ಬರೆದ. ವಾದಗಳೆಲ್ಲ ಮಾಯ, ಯಾರು ಹೇಳಿದರು ಅನ್ನುವ ಹೆಸರುಗಳೂ ಮಾಯ, ತೀರ್ಪು ಮಾತ್ರ ಉಳಿಯಿತು. ಮೊದಲು ಬೈಬಲ್ ಓದು, ಆಮೇಲೆ ಇದನ್ನು ಓದು, ನಡುವೆ ಬೇರೆ ಪುಸ್ತಕ ಬೇಡ ಅಂತ ಮುನ್ನುಡಿಯಲ್ಲೇ ಬರೆದುಕೊಂಡ. ಜಗಳವೇ ಓದು ಎಂದು ನಂಬಿದವರಿಗೆ ಇದು ಹೇಗೆ ತಟ್ಟಿರಬೇಡ!

ಎರಡನೆಯದು 1190ರ ಸುಮಾರಿಗೆ ಅರಬ್ಬಿ ಭಾಷೆಯಲ್ಲಿ, ಹೀಬ್ರೂ ಲಿಪಿಯಲ್ಲಿ ಬರೆದ ‘ಗೊಂದಲದಲ್ಲಿರುವವರಿಗೆ ದಾರಿದೀಪ’. ಅರಿಸ್ಟಾಟಲ್‌ನನ್ನೂ ಓದಿದ್ದೇನೆ, ತೋರಾವನ್ನೂ (ಯಹೂದಿಗಳ ಪವಿತ್ರ ಗ್ರಂಥ) ನಂಬುತ್ತೇನೆ, ಎರಡೂ ಒಟ್ಟಿಗೆ ಹೇಗೆ ಅಂತ ಒದ್ದಾಡುವವನಿಗಾಗಿ ಬರೆದದ್ದು. ದೇವರಿಗೆ ಮೈ ಇಲ್ಲ, ಕೈ ಇಲ್ಲ, ಸಿಟ್ಟಿಲ್ಲ, ಹಾಗೆ ಬರೆದಿರುವ ಕಡೆಯೆಲ್ಲ ಅದು ರೂಪಕ ಎನ್ನುತ್ತಾನೆ. ದೇವರಿಗೆ ಮೈ ಇದೆ ಅನ್ನುವವನು ಧರ್ಮಭ್ರಷ್ಟ ಅಂತ ಮಿಶ್ನೆ ತೋರಾದಲ್ಲೇ ಬರೆದಿದ್ದ. ದಕ್ಷಿಣ ಫ್ರಾನ್ಸಿನ ಪೊಸ್ಕಿಯೇರ್ ಎಂಬಲ್ಲಿದ್ದ ರಬ್ಬಿ ಅಬ್ರಹಾಂ ಬೆನ್ ಡೇವಿಡ್ ಅದರ ಅಂಚಿನಲ್ಲೇ ಸಿಡಿದ. ಈತನಿಗಿಂತ ದೊಡ್ಡವರು, ಒಳ್ಳೆಯವರು ಹಾಗೆ ನಂಬಿದ್ದರಲ್ಲ, ಅವರನ್ನು ಹಾಗೆ ಕರೆಯುವುದು ಯಾಕೆ ಅಂತ. ಗಮನಿಸಿ, ದೇವರಿಗೆ ಮೈ ಇದೆ ಅಂತ ಅವನೂ ಹೇಳುತ್ತಿಲ್ಲ. ಹಳಬರನ್ನು ಹೀಗಳೆಯಬೇಡ ಅನ್ನುತ್ತಿದ್ದಾನೆ. ನನಗೆ ಈ ಸಿಡುಕ ರಬ್ಬಿಯ ಮೇಲೆ ಪ್ರೀತಿ ಜಾಸ್ತಿ.

ಮೂರನೇ ದಿನ: ಟೊಲೇಡೊ

ಮ್ಯಾಡ್ರಿಡ್‌ನಿಂದ ರೈಲಿನಲ್ಲಿ ಅರ್ಧ ಗಂಟೆ. ಊರು ಗುಡ್ಡದ ಮೇಲೆ, ಸುತ್ತ ನದಿ. ಸಾಂತಾ ಮರಿಯಾ ಲಾ ಬ್ಲಾಂಕಾ ಎಂಬ ಹಳೇ ಸಿನಗಾಗ್ ನೋಡಿದೆವು. ಕುದುರೆ ಲಾಳದ ಆಕಾರದ ಬಿಳಿ ಕಮಾನುಗಳ ಕಾಡು. ಆಮೇಲೆ ಎಲ್ ಟ್ರಾನ್ಸಿತೊ. ರಾಜನ ಖಜಾಂಚಿ ಸಾಮ್ಯುಯೆಲ್ ಹಾ-ಲೇವಿ 1357ರ ಸುಮಾರಿಗೆ ಕಟ್ಟಿಸಿದ್ದು. ಕೆಲವೇ ವರ್ಷದಲ್ಲಿ ಅದೇ ರಾಜ ಅವನನ್ನು ಹಿಡಿಸಿ ಹಿಂಸೆ ಕೊಟ್ಟು ಸಾಯಿಸಿದ. ಎರಡೂ ಚೆಂದ, ಫೋಟೋ ಚೆನ್ನಾಗಿ ಬರುತ್ತದೆ. ನನ್ನ ತಲೆಯಲ್ಲಿ ಮಾತ್ರ ಬೇರೆ ಇಬ್ಬರಿದ್ದರು.

ಒಬ್ಬ ಡೇವಿಡ್ ಕಿಮ್ಹಿ, ನಾರ್ಬೋನ್‌ನವನು, ದೊಡ್ಡ ವ್ಯಾಕರಣಪಂಡಿತ. 1232ರಲ್ಲಿ ದಕ್ಷಿಣ ಫ್ರಾನ್ಸಿನ ಮೊಂಪೆಲಿಯೆಯ ರಬ್ಬಿ ಸಾಲೊಮನ್ ಮತ್ತವನ ಶಿಷ್ಯರು ಮೈಮೋನಿಡಿಸ್‌ನ ತತ್ತ್ವದ ಬರಹಕ್ಕೆ ಬಹಿಷ್ಕಾರ ಹಾಕಿಸಿದಾಗ, ಮೈಮೋನಿಡಿಸ್ ಪರ ಬೆಂಬಲ ಕೇಳಲು ಕಿಮ್ಹಿ ಊರೂರು ಹೊರಟ. ವಯಸ್ಸು 70 ದಾಟಿತ್ತು. ಟೊಲೇಡೊದ ವೈದ್ಯ ಜೂಡಾ ಅಲ್ಫಖಾರ್‌ನನ್ನು ಒಲಿಸುವುದು ಅವನ ಆಸೆ. ದಾರಿಯಲ್ಲಿ ಆವಿಲಾದಲ್ಲಿ ಕಾಯಿಲೆ ಬಿದ್ದ. ಅಲ್ಲಿಂದಲೇ ಕಾಗದ ಬರೆದ. ಅಲ್ಫಖಾರ್‌ನಿಂದ ಬಂದ ಉತ್ತರದಲ್ಲಿ ಮರ್ಯಾದೆಯೂ ಇರಲಿಲ್ಲ, ಒಪ್ಪಿಗೆಯೂ ಇರಲಿಲ್ಲ. ತೋರಾ ಮತ್ತು ಗ್ರೀಕರ ಚಿಂತನೆ ಒಂದೇ ಮನೆಯಲ್ಲಿ ಬಾಳಲಾರವು ಅನ್ನುವುದು ಅವನ ವಾದ.

“ನಿಮ್ಮ ಹಾಗೇ” ಅಂದಳು ಮಗಳು. “ಈ ವಯಸ್ಸಲ್ಲಿ ಯಾರದೋ ಜಗಳಕ್ಕೆ ಊರೂರು ಸುತ್ತೋದು.”

ಇನ್ನೊಬ್ಬ ಜೋನಾ ಜಿರೋಂಡಿ, ಬಹಿಷ್ಕಾರ ಹಾಕಿದವರ ಕಡೆಯವನು. ಜಗಳ ಕೈಮೀರಿ ಮೊಂಪೆಲಿಯೆಯಲ್ಲಿ ಮೈಮೋನಿಡಿಸ್‌ನ ಪುಸ್ತಕಗಳನ್ನು ಕ್ರೈಸ್ತ ಸನ್ಯಾಸಿಗಳ ಕೈಲಿ ಸುಡಿಸಿದರು ಅಂತ ಮೈಮೋನಿಡಿಸ್ ಪರದವರು ದೂರಿದರು. ಹತ್ತು ವರ್ಷದೊಳಗೆ, 1242ರಲ್ಲಿ, ಪ್ಯಾರಿಸ್‌ನಲ್ಲಿ 24 ಗಾಡಿ ತುಂಬ ತಾಲ್ಮುದ್ ಪ್ರತಿಗಳನ್ನು ಕ್ರೈಸ್ತರು ಸುಟ್ಟರು. ಅಚ್ಚು ಇಲ್ಲದ ಕಾಲ, ಎಲ್ಲವೂ ಕೈಯಲ್ಲಿ ಬರೆದದ್ದು. ಜೋನಾ ಎದೆ ಒಡೆದುಕೊಂಡ ಅಂತ ಇಟಲಿಯ ಹಿಲ್ಲೆಲ್ ಎಂಬ ಪಂಡಿತ ಆಮೇಲೆ ಬರೆದ ಕಾಗದದಲ್ಲಿ ಕತೆ ಬರುತ್ತದೆ. ತಪ್ಪಾಯಿತು ಅಂತ ಮೈಮೋನಿಡಿಸ್‌ನ ಸಮಾಧಿಗೆ ಹೋಗಿ ಕ್ಷಮೆ ಕೇಳುತ್ತೇನೆಂದು ಹೊರಟನಂತೆ. ಟೊಲೇಡೊ ದಾಟಲಿಲ್ಲ. ಇಲ್ಲೇ ಪಾಠ ಹೇಳುತ್ತಾ 1263ರ ಸುಮಾರಿಗೆ ತೀರಿಕೊಂಡ. ಕತೆಯ ಎಷ್ಟು ಭಾಗ ನಿಜವೋ, ಅವನು ಇಲ್ಲಿ ಸತ್ತದ್ದಂತೂ ನಿಜ.

ನಾಲ್ಕನೇ ದಿನ: ಬಾರ್ಸಿಲೋನಾ

ಮಗಳ ಬಾಡಿಗೆ ಮನೆ, ಕುಕ್ಕರಿನ ಅನ್ನ, ಸಾರು. ಇದನ್ನು ಬರೆಯದಿದ್ದರೆ ಪಾಪ ಬರುತ್ತದೆ.

ಸಂಜೆ ಹಳೇ ಊರಿಗೆ ಹೋದೆವು. ಸಾಂತ್ ಇವು ಎಂಬ ಪುಟ್ಟ ಚೌಕದಲ್ಲಿ, ಅರಮನೆಯ ಹೊರಗೋಡೆಯಲ್ಲಿ ಮಗಳು ಬೆರಳಿಟ್ಟು ತೋರಿಸಿದಳು. ಗೋಡೆಯ ಕಲ್ಲುಗಳ ನಡುವೆ ಹೀಬ್ರೂ ಅಕ್ಷರ ಇರುವ ಕಲ್ಲು. ಮೊಂಜುಯಿಕ್ ಗುಡ್ಡದ ಯಹೂದಿ ಸ್ಮಶಾನದಿಂದ ಸಮಾಧಿ ಕಲ್ಲು ಕಿತ್ತು ತಂದು ಕಟ್ಟಡಕ್ಕೆ ಹಾಕಿದ್ದಾರೆ. ಯಾರದೋ ಹೆಸರಿನ ತುಂಡು. ಪಕ್ಕದಲ್ಲೇ ಒಬ್ಬ ಗಿಟಾರ್ ನುಡಿಸುತ್ತಿದ್ದ. ಎರಡು ವರ್ಷದಿಂದ ಈ ಗೋಡೆ ದಾಟಿಯೇ ಓಡಾಡುತ್ತಿದ್ದೆ, ಮೊನ್ನೆ ನಿಮಗಾಗಿ ಓದಿದ ಮೇಲಷ್ಟೇ ಕಣ್ಣಿಗೆ ಬಿತ್ತು ಅಂದಳು.

1263ರ ಜುಲೈನಲ್ಲಿ ಇಲ್ಲಿನ ಅರಮನೆಯಲ್ಲಿ ದೊಡ್ಡ ವಾದ ನಡೆಯಿತು. ಈಗ ತೋರಿಸುವ ಭವ್ಯ ಸಭಾಂಗಣ ಮುಂದಿನ ಶತಮಾನದ್ದು, ಮೋಸ ಹೋಗಬೇಡಿ. ಒಂದು ಕಡೆ ಪಾಬ್ಲೊ ಕ್ರಿಸ್ತಿಯಾನಿ, ಯಹೂದಿಯಾಗಿದ್ದು ಕ್ರೈಸ್ತ ಸನ್ಯಾಸಿಯಾದವನು. ಇನ್ನೊಂದು ಕಡೆ ಜಿರೋನಾದ ನಹ್ಮಾನಿಡಿಸ್, 69 ವರ್ಷ. ನಿಮ್ಮ ತಾಲ್ಮುದಿನ ಕತೆಗಳೇ ಯೇಸುವನ್ನು ಒಪ್ಪುತ್ತವೆ ಅಂತ ಪಾಬ್ಲೊನ ಪಟ್ಟು. ನಹ್ಮಾನಿಡಿಸ್ ರಾಜನ ಎದುರು ಹೇಳಿದ್ದು ಹೀಗೆ: ನಮ್ಮಲ್ಲಿ ಬೈಬಲ್ ಇದೆ, ಅದನ್ನು ನಂಬುತ್ತೇವೆ. ತಾಲ್ಮುದ್ ಇದೆ, ಅದರಂತೆ ನಡೆಯುತ್ತೇವೆ. ಮೂರನೆಯದು ಉಪದೇಶದ ಕತೆ, ನಂಬಿದರೆ ಒಳ್ಳೆಯದು, ನಂಬದಿದ್ದರೆ ನಷ್ಟವಿಲ್ಲ. ಕತೆಯನ್ನು ಹೇಗೆ ಓದಬೇಕು ಎಂಬ ಮನೆಯೊಳಗಿನ ಜಗಳ ಈಗ ಪ್ರಾಣ ಉಳಿಸುವ ಉತ್ತರವಾಯಿತು.

ರಾಜ 1ನೇ ಜೇಮ್ಸ್ ಖುಷಿಯಾಗಿ 300 ನಾಣ್ಯ ಕೊಟ್ಟು ಕಳಿಸಿದನಂತೆ. ವಾದ ಅರ್ಧಕ್ಕೆ ನಿಂತಿತು. ತೇಕು. ಈಗಿನ ಹೀಬ್ರೂನಲ್ಲಿ ಫುಟ್‌ಬಾಲ್ ಪಂದ್ಯ ಡ್ರಾ ಆದರೂ ಇದೇ ಪದ ಅಂತ ಹೇಳಿದೆ. ಬಾರ್ಸಿಲೋನಾದಲ್ಲಿರುವ ಮಗಳಿಗೆ ಅದೊಂದು ಮಾತ್ರ ತಕ್ಷಣ ತಲೆಗೆ ಹತ್ತಿತು. ಆದರೆ ಮುದುಕನಿಗೆ ಡ್ರಾ ಆಗಲಿಲ್ಲ. ನಡೆದದ್ದನ್ನು ಬರೆದಿಟ್ಟನೆಂದು ಸನ್ಯಾಸಿಗಳು ಬೆನ್ನುಹತ್ತಿದರು. 1267ರ ಹೊತ್ತಿಗೆ ಅವನು ಜೆರುಸಲೇಮಿನಲ್ಲಿದ್ದ. ಪಾಳುಬಿದ್ದ ಊರಲ್ಲಿ ಅವನಿಗೆ ಸಿಕ್ಕ ಯಹೂದಿಗಳು ಇಬ್ಬರೇ, ಬಟ್ಟೆಗೆ ಬಣ್ಣ ಹಾಕುವ ಅಣ್ಣತಮ್ಮಂದಿರು.

ಐದನೇ ದಿನ: ಜಿರೋನಾ

ರೈಲಿನಲ್ಲಿ 40 ನಿಮಿಷವೂ ಇಲ್ಲ. ಹಳೇ ಯಹೂದಿ ಕೇರಿಯ ಮೆಟ್ಟಿಲು ಗಲ್ಲಿಗಳು ಎಷ್ಟು ಕಿರಿದು ಅಂದರೆ, ಎದುರಿಗೆ ಟೂರಿಸ್ಟ್ ಗುಂಪು ಬಂದರೆ ಗೋಡೆಗೆ ಅಂಟಿಕೊಳ್ಳಬೇಕು. ಯಹೂದಿ ಇತಿಹಾಸದ ಮ್ಯೂಸಿಯಂ ಇರುವುದು ಇಲ್ಲೇ. ಒಂದು ಕೋಣೆ ತುಂಬ ಸಮಾಧಿ ಕಲ್ಲುಗಳು. ನಿನ್ನೆ ಗೋಡೆಯಲ್ಲಿ ತುಂಡು ನೋಡಿದ್ದೆ, ಇಲ್ಲಿ ಇಡೀ ಕಲ್ಲು. ಅಕ್ಷರದ ಗೆರೆಯಲ್ಲಿ ಉಳಿಯ ಏಟು ಇನ್ನೂ ಚೂಪಾಗಿದೆ.

ನಹ್ಮಾನಿಡಿಸ್ ಹುಟ್ಟಿದ ಊರು ಇದು. ಮೊನ್ನೆ ಹೇಳಿದ ಜೋನಾ ಕೂಡ ಇಲ್ಲಿನವನೇ, ಇಬ್ಬರೂ ಕಸಿನ್. ಯಾವ ಕಡೆಯ ಕಸಿನ್ ಅಂತ ತಿಳಿಯದೆ ನಮ್ಮಂಥವರಿಗೆ ಸಮಾಧಾನ ಆಗುವುದಿಲ್ಲ, ಆದರೆ ಮುಂದೆ ಹೋಗೋಣ. ಮೈಮೋನಿಡಿಸ್‌ನನ್ನು ಯಹೂದಿಗಳು ರಂಬಮ್ ಅನ್ನುತ್ತಾರೆ, ನಹ್ಮಾನಿಡಿಸ್‌ನನ್ನು ರಂಬನ್. ಮ ಹೋಗಿ ನ ಆದರೆ ಕತೆಯೇ ಉಲ್ಟಾ. ಮಗಳು ದಿನವಿಡೀ ಬೇಕೆಂದೇ ತಪ್ಪು ಹೇಳುತ್ತಿದ್ದಳು.

1232ರ ಜಗಳದಲ್ಲಿ ಈ ರಂಬನ್ ನಡುವೆ ನಿಂತ. ಅವನಿಗೆ ಮೈಮೋನಿಡಿಸ್‌ನ ಎಷ್ಟೋ ಮಾತು ಒಪ್ಪಿಗೆ ಇರಲಿಲ್ಲ. ಆದರೂ ಉತ್ತರ ಫ್ರಾನ್ಸಿನ ರಬ್ಬಿಗಳಿಗೆ ಉದ್ದದ ಕಾಗದ ಬರೆದು ಬಹಿಷ್ಕಾರ ತೆಗೆಯಿರಿ ಅಂದ. ಆ ಪುಸ್ತಕ ಬರೆದದ್ದು ನಿಮಗಾಗಿ ಅಲ್ಲ, ಗ್ರೀಕರ ಪುಸ್ತಕದಿಂದ ಹೊಟ್ಟೆ ತುಂಬಿಸಿಕೊಂಡವರಿಗಾಗಿ ಅನ್ನುವ ಅರ್ಥದ ಮಾತು. ಹಸಿವಿಲ್ಲದವನು ಬೇರೆಯವರ ತಟ್ಟೆ ಕಿತ್ತುಕೊಳ್ಳುವುದು ಯಾಕೆ, ಅಲ್ವಾ? ರಾಜಿ ಮಾಡಹೋದವನ ಮಾತು ಎರಡು ಕಡೆಯವರೂ ಕೇಳಲಿಲ್ಲ.

ಆರನೇ ದಿನ: ಸುರಂಗದ ಆಚೆ

ಜಿರೋನಾದಿಂದ ಹೊರಟ ರೈಲು ಪಿರನೀಸ್ ಬೆಟ್ಟದಡಿಯ 8 ಕಿಲೋಮೀಟರ್ ಸುರಂಗ ದಾಟಿ ಫ್ರಾನ್ಸಿಗೆ ಬಂತು. ಕಾಗದಗಳು ಕುದುರೆ, ಹೇಸರಗತ್ತೆ ಮೇಲೆ ಹೋಗುತ್ತಿದ್ದ ದಾರಿ. ಎರಡನೇ ದೊಡ್ಡ ಜಗಳ ನಡೆದದ್ದು ಹೀಗೆ ಕಾಗದದಲ್ಲೇ, 1303ರಿಂದ. ಅದನ್ನು ಮಗಳಿಗೆ ರೈಲಿನಲ್ಲೇ ಹೇಳಿದೆ.

ಶುರುವಾದದ್ದು ಮೂತ್ರಪಿಂಡದ ನೋವಿನಿಂದ. ಮೊಂಪೆಲಿಯೆಯಲ್ಲಿ ಕೆಲವರು ಆ ನೋವಿಗೆ ಸಿಂಹದ ಚಿತ್ರದ ಪದಕ ಕಟ್ಟುತ್ತಿದ್ದರು, ನಕ್ಷತ್ರ ನೋಡಿ ಮಾಡಿದ್ದು. ಇದು ಸರಿಯಾ ಅಂತ ಅಬ್ಬಾ ಮಾರಿ ಎಂಬ ಪಂಡಿತ ಬಾರ್ಸಿಲೋನಾದ ದೊಡ್ಡ ರಬ್ಬಿ ಸಾಲೊಮನ್ ಬೆನ್ ಅದ್ರೆತ್‌ಗೆ ಬರೆದ. ನನಗೆ ಕಲ್ಲಾದಾಗ ಅಮ್ಮ ಬಾಳೆದಿಂಡು ತಿನ್ನಿಸಿದ್ದಳು, ಸಿಂಹದ ಯೋಚನೆ ಬಂದಿರಲಿಲ್ಲ. ಮಾತು ಸಿಂಹದಿಂದ ಗ್ರೀಕರಿಗೆ ಹೋಯಿತು. ಬೈಬಲಿನ ಅಬ್ರಹಾಂ, ಸಾರಾ ಅಂದರೆ ನಿಜವಾದ ಗಂಡಹೆಂಡತಿ ಅಲ್ಲ, ಅರಿಸ್ಟಾಟಲ್ ಹೇಳುವ ರೂಪ ಮತ್ತು ದ್ರವ್ಯ ಅಂತ ಹುಡುಗರು ಭಾಷಣ ಮಾಡುತ್ತಿದ್ದಾರೆ ಅಂತ ದೂರು.

1305ರ ಜುಲೈ 26ರಂದು ಬಾರ್ಸಿಲೋನಾದಲ್ಲಿ ಬಹಿಷ್ಕಾರ ಓದಿದರು. ಇನ್ನು 50 ವರ್ಷ, 25 ವಯಸ್ಸು ತುಂಬದವರು ಗ್ರೀಕರ ಪ್ರಕೃತಿಶಾಸ್ತ್ರ, ತತ್ತ್ವಶಾಸ್ತ್ರ ಓದಕೂಡದು. ವೈದ್ಯಶಾಸ್ತ್ರಕ್ಕೆ ವಿನಾಯಿತಿ.

“ಅಂದ್ರೆ ನಂಗೆ ಇನ್ನೊಂದು ವರ್ಷ ರಜೆ” ಅಂದಳು.

ಪರ್ಪಿನ್ಯಾಂ ಸ್ಟೇಷನ್ ಬಂತು. ಇಲ್ಲಿದ್ದ ಮೆನಾಹೆಮ್ ಮೇಯಿರಿ, ತಾಲ್ಮುದಿಗೆ ದೊಡ್ಡ ವ್ಯಾಖ್ಯಾನ ಬರೆದವನು, ಬಹಿಷ್ಕಾರ ಬೇಡ ಅಂದ. ಮೊಂಪೆಲಿಯೆಯಲ್ಲಿ ಖಗೋಳ ಗಣಿತದ ಯಾಕೋಬ್ ಬೆನ್ ಮಖೀರ್ ಕಡೆಯವರು ತಿರುಗೇಟು ಕೊಟ್ಟರು. ಎಷ್ಟೇ ವಯಸ್ಸಿನ ಮಗನಾಗಲಿ, ವಿಜ್ಞಾನ ಓದದಂತೆ ತಡೆಯುವ ಅಪ್ಪನಿಗೇ ಬಹಿಷ್ಕಾರ. ಈ ಸಾಲು ಹೇಳುವಾಗ ಮಗಳು ನನ್ನನ್ನೇ ನೋಡುತ್ತಿದ್ದಳು. ಎಂಜಿನಿಯರಿಂಗ್ ಬಿಟ್ಟು ಬೇರೆ ಓದುತ್ತೇನೆ ಅಂದಾಗ ನಾನು ಮೂರು ತಿಂಗಳು ಸರಿಯಾಗಿ ಮಾತಾಡಿರಲಿಲ್ಲ.

ಗೆದ್ದವರು ಯಾರು ಅಂತ ತೀರ್ಮಾನ ಆಗಲೇ ಇಲ್ಲ. ಒಂದು ವರ್ಷದ ಒಳಗೆ, 1306ರ ಜುಲೈನಲ್ಲಿ, ಫ್ರಾನ್ಸಿನ ರಾಜ 4ನೇ ಫಿಲಿಪ್ ತನ್ನ ರಾಜ್ಯದ ಎಲ್ಲ ಯಹೂದಿಗಳನ್ನೂ ಓಡಿಸಿದ. ಅಬ್ಬಾ ಮಾರಿಯೂ ಗಂಟುಮೂಟೆ ಕಟ್ಟಿದ, ಮೊದಲು ಆರ್ಲ್‌ಗೆ, ಆಮೇಲೆ ಪರ್ಪಿನ್ಯಾಂಗೆ. ಅಲ್ಲಿ ಕೂತು ಆ ಕಾಗದಗಳನ್ನೆಲ್ಲ ಜೋಡಿಸಿ ಪುಸ್ತಕ ಮಾಡಿದ. ಅದು ಉಳಿದದ್ದಕ್ಕೇ ನಮಗೆ ಈ ಕತೆ ಗೊತ್ತು.

ಮೊಂಪೆಲಿಯೆಯಲ್ಲಿ ಉಳಿದಿರುವುದು ನೆಲದಡಿಯ ಒಂದು ಮಿಕ್ವೆ, ಶುದ್ಧಿಸ್ನಾನದ ಕೊಳ. ಕಲ್ಲಿನ ಮೆಟ್ಟಿಲಿಳಿದರೆ ತಣ್ಣನೆ ಗಾಳಿ, ಕೆಳಗೆ ತಿಳಿ ಹಸಿರು ನೀರು. ಮೇಲೆ ಬೀದಿಯ ಗದ್ದಲ, ಇಲ್ಲಿ ಸದ್ದೇ ಇಲ್ಲ. ಎಂಟು ನಿಮಿಷ ಸುಮ್ನೆ ನಿಂತೆವು.

ಏಳನೇ ದಿನ: ಲುನೆಲ್

ಮೊಂಪೆಲಿಯೆಯಿಂದ ಲೋಕಲ್ ರೈಲಿನಲ್ಲಿ ಸ್ವಲ್ಪ ಹೊತ್ತು. ಟೂರಿಸ್ಟ್ ಅಂತ ಇದ್ದದ್ದು ನಾವಿಬ್ಬರೇ. ಮುಚ್ಚಿದ ಕಿಟಕಿಗಳು, ಮರದ ನೆರಳು, ಗೂಳಿ ಆಟದ ಅಖಾಡ. ನೋಡಲು ಏನಿದೆ ಅಂದರೆ ಏನೂ ಇಲ್ಲ ಅನ್ನಬೇಕು. ನನಗೆ ಮಾತ್ರ ಇಡೀ ಪ್ರವಾಸದಲ್ಲಿ ಇದೇ ಮುಖ್ಯ.

ಊರಿನ ಹೆಸರಲ್ಲೇ ಚಂದ್ರ ಕಂಡವರಿದ್ದಾರೆ. ನೀರಲ್ಲಿ ಬಿದ್ದ ಚಂದ್ರನನ್ನು ಬುಟ್ಟಿಯಲ್ಲಿ ಹಿಡಿಯಹೋದವರು ಅಂತ ಈ ಊರಿನವರನ್ನು ಇಂದಿಗೂ ತಮಾಷೆ ಮಾಡುತ್ತಾರೆ. ಇಲ್ಲಿನ ರಬ್ಬಿಗಳು ತಮ್ಮ ಹೆಸರಿನ ಮುಂದೆ ‘ಯರ್ಹಿ’ ಅಂತ ಇಟ್ಟುಕೊಳ್ಳುತ್ತಿದ್ದರು. ಹೀಬ್ರೂನಲ್ಲಿ ಯರೇಯಹ್ ಅಂದರೆ ಚಂದ್ರ. 12ನೇ ಶತಮಾನದಲ್ಲಿ ಇಲ್ಲಿಗೆ ಬಂದ ಪ್ರವಾಸಿ ತುದೇಲಾದ ಬೆಂಜಮಿನ್ ಬರೆದಿದ್ದಾನೆ: ದೂರದಿಂದ ಓದಲು ಬಂದವರಿಗೆ ಊಟ, ಬಟ್ಟೆ ಊರವರದ್ದೇ. ಇಲ್ಲಿನವರೇ ಮಿಶ್ನೆ ತೋರಾದ ಮೇಲೆ 24 ಪ್ರಶ್ನೆ ಬರೆದು ಈಜಿಪ್ಟಿಗೆ ಕಳಿಸಿದವರು.

ಗ್ರನಾಡಾದಿಂದ ಬಂದ ವೈದ್ಯ ಜೂಡಾ ಇಬ್ನ್ ತಿಬ್ಬೋನ್ ಇಲ್ಲಿದ್ದ. ಮಗ ಸಾಮ್ಯುಯೆಲ್‌ಗೆ ಅವನು ಬರೆದಿಟ್ಟ ಉಯಿಲು ಸಿಕ್ಕಿದೆ. ಅರ್ಧ ಬೈಗುಳ. ನಿನಗಾಗಿ ದೂರದಿಂದ ಮೇಷ್ಟರನ್ನು ಕರೆಸಿದೆ, ನೀನು ಸೋಮಾರಿ, ಅರಬ್ಬಿ ಬರಹಕ್ಕೆ ಗಮನ ಕೊಡಲಿಲ್ಲ. ಇನ್ನರ್ಧ ಪುಸ್ತಕದ ಆರೈಕೆ. ಹೀಬ್ರೂ ಪುಸ್ತಕಗಳನ್ನು ಪ್ರತಿ ತಿಂಗಳು ನೋಡು, ಅರಬ್ಬಿಯವನ್ನು ಎರಡು ತಿಂಗಳಿಗೊಮ್ಮೆ. ಇಲಿ, ತೇವ ತಾಗದಂತೆ ಕಪಾಟಿಗೆ ಒಳ್ಳೆ ಪರದೆ ಹಾಕು. ಯಾರಿಗಾದರೂ ಕೊಟ್ಟರೆ, ಮನೆಯಿಂದ ಆಚೆ ಹೋಗುವ ಮೊದಲೇ ಬರೆದಿಡು, ವಾಪಸ್ ಬಂದಾಗ ಗೆರೆ ಎಳೆ. ವರ್ಷಕ್ಕೆರಡು ಹಬ್ಬಕ್ಕೆ ಹೊರಗಿರುವುದನ್ನೆಲ್ಲ ತರಿಸಿಕೋ.

ಈ ಸೋಮಾರಿ ಮಗನೇ ‘ದಾರಿದೀಪ’ವನ್ನು ಅರಬ್ಬಿಯಿಂದ ಹೀಬ್ರೂಗೆ ತಂದವನು. ಅನುವಾದದ ಸಂಶಯ ಕೇಳಲು ಬರುತ್ತೇನೆ ಅಂತ ಮೈಮೋನಿಡಿಸ್‌ಗೆ ಬರೆದಾಗ, 1199ರಲ್ಲಿ, ಬರಬೇಡ ಅಂತ ಉತ್ತರ ಬಂತು. ಬೆಳಗ್ಗೆ ಕೈರೋದ ಅರಮನೆಗೆ ಹೋಗಿ ಮಧ್ಯಾಹ್ನ ಹಸಿದು ಬರುತ್ತೇನೆ, ಮನೆ ತುಂಬ ರೋಗಿಗಳು, ಎರಡು ತುತ್ತು ಉಣ್ಣುವವರೆಗೆ ತಡೆಯಿರಿ ಅಂತ ಬೇಡಿಕೊಳ್ಳುತ್ತೇನೆ, ರಾತ್ರಿ ಮಲಗಿಕೊಂಡೇ ಔಷಧ ಹೇಳುತ್ತೇನೆ, ನಿನಗೆ ಒಂದು ಗಂಟೆಯೂ ಸಿಗುವುದಿಲ್ಲ. ಸಾಮ್ಯುಯೆಲ್ ಅನುವಾದ ಮುಗಿಸಿದ್ದು 1204ರ ನವೆಂಬರ್ 30ಕ್ಕೆ. ಎರಡು ವಾರದಲ್ಲಿ ಮೈಮೋನಿಡಿಸ್ ಹೋಗಿಬಿಟ್ಟ. ಅಪ್ಪ ಜೂಡಾ ಅದಕ್ಕೂ ಎಷ್ಟೋ ಮೊದಲೇ ತೀರಿಕೊಂಡಿದ್ದ.

ವಾಪಸ್ ರೈಲಿಗೆ 20 ನಿಮಿಷ ಇತ್ತು. ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕೂತಿದ್ದೆವು. ಚೀಲದಲ್ಲಿದ್ದ ‘ದಾರಿದೀಪ’ದ ಇಂಗ್ಲಿಷ್ ಅನುವಾದ ತೆಗೆದು, ಬೇಕಾದರೆ ಇಟ್ಟುಕೋ ಅಂದೆ. ಮಂಗಳೂರಿನಿಂದ ಹೊತ್ತು ತಂದಿದ್ದೆ, ಅಂಚುಗಳಲ್ಲಿ ನನ್ನ ಪೆನ್ಸಿಲ್ ಗೀಚು.

“ಕೊಟ್ಟದ್ದು ಬರೆದಿಡಿ” ಅಂದಳು. “ಈಗಲೇ. ಸ್ಟೇಷನ್ ಬಿಡೋ ಮೊದಲು.”

ಲುನೆಲ್ ಟಿಕೆಟ್ಟಿನ ಹಿಂದೆ ಬರೆದೆ. ಪುಸ್ತಕದ ಹೆಸರು, ತಾರೀಕು, ಪಡೆದವರು ಮಗಳು. ವಾಪಸ್: ದೀಪಾವಳಿಗೆ.

ಬಗ್ಗಿ ಓದಿದಳು. “ಯಾವ ವರ್ಷದ ದೀಪಾವಳಿ ಅಂತ ಮಾತ್ರ ಬರೀಬೇಡಿ, ಅಪ್ಪ.”